ನಾಣ್ಯದ ಮೇಲೆ ಒಂಟಿ ಕಾಲಿನ ತಾತ

ನಗರಸಭೆಯ ನೀರಿನ ದೂರು ವಿಭಾಗದ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಪೈಪಣ್ಣ. ಇಪ್ಪತ್ತಾರು ವರ್ಷದಿಂದ ಒಂದೇ ಕಿಟಕಿಯ ಹಿಂದೆ ಕೂತು, "ನಲ್ಲೀಲಿ ನೀರು ಯಾವಾಗ ಬರುತ್ತೆ?" ಎಂಬ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತ ಬಂದಿದ್ದ. ಗೊತ್ತಿಲ್ಲ ಎಂದರೆ ಜನ ಕಿಟಕಿಯೊಳಗೆ ಕೈ ಹಾಕುತ್ತಾರೆ ಎಂಬುದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವನಿಗೆ ಮನದಟ್ಟಾಗಿತ್ತು. ಅಂದಿನಿಂದ ಆ ಮಾತನ್ನೇ ಬಿಟ್ಟುಬಿಟ್ಟಿದ್ದ. ಏನು ಕೇಳಿದರೂ ಉತ್ತರ ಸಿದ್ಧ. ಅದು ಸರಿಯೋ ತಪ್ಪೋ ಎಂಬುದು ಕೇಳಿದವರ ಹಣೆಬರಹ.

ಈ ಗುಣದ ದೆಸೆಯಿಂದ ಒಂದು ಬುಧವಾರ, ಚಹಾದ ಹೊತ್ತಿನಲ್ಲಿ, ಅವನ ತಾತ ಬೆಳ್ಳಿ ನಾಣ್ಯದ ಮೇಲೆ ಹತ್ತಿ ನಿಂತರು.

ಊರಿನ ಸೇತುವೆಗೆ ನೂರು ವರ್ಷ ತುಂಬಿದ ನೆನಪಿಗೆ ಟಂಕಸಾಲೆಯವರು ಒಂದು ನಾಣ್ಯ ಹೊರತರುವವರಿದ್ದರು. ಬಿಡುಗಡೆಗೆ ಹದಿನೈದು ದಿನ ಮುಂಚೆ ಒಂದು ಮಾದರಿ ನಗರಸಭೆಗೆ ಬಂತು. ನೀಲಿ ಮಖಮಲ್ಲಿನ ಡಬ್ಬಿ, ಅದರೊಳಗೆ ಗಾಜಿನಂಥ ಪ್ಲಾಸ್ಟಿಕ್ ಬಿಲ್ಲೆ, ಬಿಲ್ಲೆಯೊಳಗೆ ನಾಣ್ಯ, ಜೊತೆಗೆ ಮಡಚಿದ ಒಂದು ಕಾಗದ. ಸೂಪರಿಂಟೆಂಡೆಂಟರ ಮೇಜಿನ ಸುತ್ತ ಇಡೀ ಕಚೇರಿ ನೆರೆಯಿತು. ಸೂಪರಿಂಟೆಂಡೆಂಟರ ಕನ್ನಡಕ ಅಂದು ಮನೆಯಲ್ಲೇ ಉಳಿದಿತ್ತು. ಹಾಗಾಗಿ ಕಾಗದ ಓದುವ ಕೆಲಸ ಪೈಪಣ್ಣನ ಪಾಲಿಗೆ ಬಂತು.

"ಹೊಳಪು ಕೊಟ್ಟ ಅಚ್ಚಿನಿಂದ ಈ ನಾಣ್ಯವನ್ನು ಎರಡು ಸಲ ಒತ್ತಲಾಗಿದೆ," ಎಂದು ಅವನು ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಓದಿದ. "ಹಿನ್ನೆಲೆಗೆ ಕನ್ನಡಿ ಮೆರುಗು. ಉಬ್ಬು ಚಿತ್ರಕ್ಕೆ ಮಂಜು ಮೆರುಗು. ಅಂಚಿನ ಸುತ್ತ ನೂರು ಗೀರು."

"ಮಂಜು ಮೆರುಗು ಅಂದ್ರೇನ್ರೀ?" ಸೂಪರಿಂಟೆಂಡೆಂಟರು ಕೇಳಿದರು.

ಕಾಗದದಲ್ಲಿ ಅದರ ವಿವರಣೆ ಇರಲಿಲ್ಲ. ಪೈಪಣ್ಣ ತಡಮಾಡಲಿಲ್ಲ. "ಗಾಜಿನ ಮೇಲೆ ಹಾ ಅಂತ ಉಸಿರು ಬಿಟ್ರೆ ಮಬ್ಬಾಗುತ್ತಲ್ಲ ಸಾರ್, ಹಾಗೆ. ಬೆಳ್ಳಿ ಮೇಲೆ ಉಸಿರು ಕೂತ್ಕೊಂಡಿರುತ್ತೆ. ಅದಿದ್ರೇನೇ ಸೇತುವೆ ಎದ್ದು ಕಾಣೋದು. ಎಲ್ಲಾನೂ ಹೊಳೆದ್ರೆ ನೀರು ಯಾವುದು, ಕಲ್ಲು ಯಾವುದು ಅಂತಾನೇ ತಿಳಿಯಲ್ಲ."

ಆಕಸ್ಮಿಕವಾಗಿ ಈ ಉತ್ತರ ಸರಿಯಾಗಿತ್ತು. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ. ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಷ್ಟೆಲ್ಲ ತಿಳ್ಕೊಂಡಿದಾರೆ ನೋಡಿ, ಒಂದು ದಿನಾನೂ ಬಾಯಿ ಬಿಟ್ಟವರಲ್ಲ," ಎಂದು ಟೈಪಿಸ್ಟಮ್ಮ ಪಿಸುಗುಟ್ಟಿದರು. ಪೈಪಣ್ಣನ ಎದೆ ಉಬ್ಬಿದ ರೀತಿಗೆ ಅಂಗಿಯ ಎರಡನೇ ಗುಂಡಿ ತನ್ನ ಭವಿಷ್ಯದ ಬಗ್ಗೆ ಚಿಂತಿಸತೊಡಗಿತು.

ಸೂಪರಿಂಟೆಂಡೆಂಟರು ನಾಣ್ಯವನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದರು. ಕೆಳಗೆ ಕನ್ನಡಿಯಂಥ ನೀರು. ಮೇಲೆ ಐದು ಕಮಾನಿನ ಸೇತುವೆ. ಅದರ ನಡುವೆ ಅಕ್ಕಿಕಾಳಿನಷ್ಟು ಎತ್ತರದ ಒಂದು ಆಕೃತಿ.

"ಸೇತುವೆ ಮೇಲೆ ಯಾರೋ ನಿಂತಿದಾರಲ್ರೀ. ಯಾರಿದು?"

ಎಲ್ಲ ಕಣ್ಣೂ ಪೈಪಣ್ಣನ ಮೇಲೆ. ಮಂಜು ಮೆರುಗನ್ನೇ ಬಲ್ಲವನಿಗೆ ಈ ಮನುಷ್ಯ ಯಾವ ಲೆಕ್ಕ.

"ಅದು ನಮ್ಮ ತಾತ ಇರ್ಬೇಕು ಸಾರ್," ಎಂದ ಪೈಪಣ್ಣ.

ಅವನು ಪೂರ್ತಿ ಸುಳ್ಳು ಹೇಳಿದ ಎನ್ನುವಂತಿಲ್ಲ. ತಾತ ಅವನು ಹುಟ್ಟುವ ಮೊದಲೇ ತೀರಿಹೋಗಿದ್ದರು. ಅವರೇನು ಮಾಡುತ್ತಿದ್ದರು ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಪ್ಪ, "ಹೊಳೆ ಹತ್ರ ಕೆಲಸ," ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಹೊಳೆಯ ಹತ್ತಿರ ಇರುವುದು ಸೇತುವೆ. ಸೇತುವೆಯ ಮೇಲೆ ಒಬ್ಬರು ನಿಂತಿದ್ದಾರೆ. ತಾತ ಯಾಕಾಗಬಾರದು? ಅವನ ಮಟ್ಟಿಗೆ ತರ್ಕ ಅಲ್ಲಿಗೆ ಸರಿಹೋಯಿತು. ಆದರೆ ಆ "ಇರ್ಬೇಕು" ಎಂಬ ಪದ ಸೂಪರಿಂಟೆಂಡೆಂಟರ ಕೋಣೆಯ ಹೊಸ್ತಿಲು ದಾಟಲಿಲ್ಲ. ತಾತ ಮಾತ್ರ ದಾಟಿ, ಸಂಜೆಯೊಳಗೆ ಮೂರು ಮಹಡಿ ಹತ್ತಿಳಿದರು.

ಅಂದು ಸಂಜೆ ನಾಣ್ಯವನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿ ಬೆಳಿಗ್ಗೆ ತರಲು ಅವನಿಗೆ ವಿಶೇಷ ಅನುಮತಿ ಸಿಕ್ಕಿತು. ಹೆಂಡತಿ ಅಡುಗೆಮನೆಯ ದೀಪದ ಕೆಳಗೆ ಡಬ್ಬಿ ತೆರೆದು ಬಹಳ ಹೊತ್ತು ನೋಡಿದಳು.

"ರೀ, ಇದಕ್ಕೆ ಬೂಷ್ಟು ಹಿಡಿದಿದೆ."

"ಅದು ಬೂಷ್ಟಲ್ಲ ಕಣೇ. ಮಂಜು ಮೆರುಗು."

"ಏನಾದ್ರೂ ಅನ್ನಿ. ಸುತ್ತ ಎಲ್ಲ ಫಳಫಳ ಅಂತಿದೆ, ಸೇತುವೆ ಮೇಲೆ ಮಾತ್ರ ಬೆಳ್ಳಗೆ ಮಬ್ಬು. ಸ್ವಲ್ಪ ಪಾತ್ರೆ ಪುಡಿ ಹಾಕಿ ಉಜ್ಜಿಕೊಡ್ಲಾ?"

ಪೈಪಣ್ಣ ಡಬ್ಬಿಯನ್ನು ಕಿತ್ತುಕೊಂಡು ಬೀರುವಿನ ಮೇಲೆ ಇಟ್ಟ. ಅವಳು ಕುರ್ಚಿ ಹತ್ತಿ ಮತ್ತೆ ಇಳಿಸಿಕೊಂಡಳು. ಹೆಂಗಸು ಕುತೂಹಲದಿಂದ ಕುರ್ಚಿ ಹತ್ತಿದ ಮೇಲೆ ಗಂಡಸು ಮಾಡುವುದೇನೂ ಇರುವುದಿಲ್ಲ.

"ಇದ್ರಲ್ಲಿ ನನ್ನ ಮೂಗೇ ದೊಡ್ಡದಾಗಿ ಕಾಣುತ್ತೆ. ನಿಮ್ಮ ತಾತ ಎಲ್ಲಿ?"

"ಅಲ್ಲಿ. ಮಧ್ಯದಲ್ಲಿ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ನಿಮ್ಮ ತಾತನಿಗೆ ಒಂದೇ ಕಾಲಾ?"

ಈ ಅಂಶವನ್ನು ಪೈಪಣ್ಣ ಗಮನಿಸಿರಲಿಲ್ಲ. ನಿಜ, ಆಕೃತಿಗೆ ಗುಂಡಗಿನ ತಲೆ ಇತ್ತು, ತಲೆಯ ಮೇಲೆ ಟೋಪಿಯಂಥದ್ದು ಇತ್ತು, ಕೆಳಗೆ ಒಂದೇ ಒಂದು ಕಾಲು. "ಎರಡು ಕಾಲೂ ಜೋಡಿಸಿಕೊಂಡು ನಿಂತಿದಾರೆ," ಎಂದ. "ಹಿಂದಿನವರ ಶಿಸ್ತೇ ಬೇರೆ."

"ಕೈ?"

"ಹಿಂದಕ್ಕೆ ಕಟ್ಟಿಕೊಂಡಿದಾರೆ."

ಅವಳು ಹೆಚ್ಚು ಕೇಳಲಿಲ್ಲ. ಆದರೆ ಗೋಡೆಯಾಚೆಯ ತನ್ನ ಗೆಳತಿಗೆ, ಅಂದರೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರ ಹೆಂಡತಿಗೆ, ಬಟ್ಟೆ ಒಣಹಾಕುವಾಗ ವಿಷಯ ತಿಳಿಸಿದಳು. ಅಲ್ಲಿಂದ ಮುಂದೆ ಎರಡು ಕಾಲು ಜೋಡಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ತಾತನಿಗೆ ಒಂದೇ ಕಾಲು ಎಂದು ಬೀದಿಯ ಈ ತುದಿಯಲ್ಲಿ ಹೊರಟ ಸುದ್ದಿ, ಸೇತುವೆ ಕಟ್ಟುವಾಗ ಕಲ್ಲು ಬಿದ್ದು ಇನ್ನೊಂದು ಕಾಲು ಹೋಯಿತು ಎಂದು ಆ ತುದಿ ತಲುಪಿತು. ಮೂರನೇ ದಿನ ತರಕಾರಿ ಅಂಗಡಿಯವನು ಪೈಪಣ್ಣನ ಕೈ ಹಿಡಿದುಕೊಂಡು, "ಆ ಕಾಲು ಇವತ್ತಿಗೂ ಎರಡನೇ ಕಮಾನಿನ ಒಳಗೇ ಇದೆಯಂತೆ, ಹೌದಾ ಅಣ್ಣಾ?" ಎಂದು ಕಣ್ಣೊರೆಸಿಕೊಂಡ. ಪೈಪಣ್ಣ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸುಮ್ಮನೆ ಎರಡು ಬದನೆಕಾಯಿ ಹೆಚ್ಚಿಗೆ ತೆಗೆದುಕೊಂಡು ಬಂದ.

ನೆಂಟರು ಬರತೊಡಗಿದರು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಬಂದು, ಗೋಡೆಗೆ ಬೆನ್ನು ಹಚ್ಚಿ ಒಂದು ಕಾಲೆತ್ತಿ ನಿಂತು, "ನೋಡು, ನನ್ನ ನಿಲುವು ತಾತನದ್ದೇ ಅಲ್ವಾ?" ಎಂದ. ಅವನ ಹೆಂಡತಿ, "ಹೌದು, ಇವರು ನಿದ್ದೆಯಲ್ಲೂ ಒಂದು ಕಾಲು ಮಡಚಿಕೊಂಡಿರ್ತಾರೆ," ಎಂದು ಸಾಕ್ಷಿ ನುಡಿದಳು. ವಂಶದ ಗುಣ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದು ಎಲ್ಲರಿಗೂ ಸೋಜಿಗವಾಯಿತು.

ತಕರಾರು ತೆಗೆದವರು ಡ್ರಾಯಿಂಗ್ ಮೇಷ್ಟ್ರೊಬ್ಬರೇ. ಕೆಲಸದಿಂದ ನಿವೃತ್ತರಾದ ಮೇಲೆ ಅವರು ಊರಿನ ಫಲಕಗಳನ್ನೆಲ್ಲ ನೋಡಿ ತಪ್ಪು ಹುಡುಕುವುದನ್ನೇ ದಿನಚರಿ ಮಾಡಿಕೊಂಡಿದ್ದರು. ನಾಣ್ಯವನ್ನು ಪ್ರದರ್ಶನಕ್ಕೆಂದು ಸೂಪರಿಂಟೆಂಡೆಂಟರ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಮೇಷ್ಟ್ರು ಭೂತಗನ್ನಡಿ ಹಿಡಿದು ಒಂದು ಗಂಟೆ ಅದರ ಮುಂದೆ ಬಗ್ಗಿ ನಿಂತರು. ಬೆನ್ನು ನೆಟ್ಟಗಾದ ಮೇಲೆ, "ಸಾಧ್ಯವೇ ಇಲ್ಲ," ಎಂದರು.

"ಯಾಕೆ ಮೇಷ್ಟ್ರೇ?" ಎಂದರು ಸೂಪರಿಂಟೆಂಡೆಂಟರು.

"ಈ ದೇಹ ನೋಡಿ, ಕಡ್ಡಿ. ಇವರ ಮನೆತನ ನೋಡಿ." ಅವರು ಪೈಪಣ್ಣನ ನಡುವಿನತ್ತ ಬೆರಳು ಮಾಡಿದರು. "ಮೂರು ತಲೆಮಾರಲ್ಲಿ ಇಷ್ಟು ದಪ್ಪ ಆಗೋದಕ್ಕೆ ಸಾಧ್ಯವಾ? ಇದು ನಮ್ಮ ತಾತ. ಅವರೂ ಕಡ್ಡಿ ಹಾಗಿದ್ರು. ಟೋಪಿನೂ ಹಾಕ್ತಿದ್ರು."

"ನಿಮ್ಮ ತಾತನಿಗೆ ಎರಡು ಕಾಲಿತ್ತಲ್ಲ," ಎಂದ ಪೈಪಣ್ಣ. ತನ್ನ ತಾತನಿಗೆ ಒಂದೇ ಕಾಲಿತ್ತೆಂದು ಅವನಿಗೇ ಈಗ ಖಾತ್ರಿಯಾಗಿಬಿಟ್ಟಿತ್ತು.

"ಒಂದರ ಹಿಂದೆ ಒಂದಿದೆ. ಚಿತ್ರಕಲೆಯಲ್ಲಿ ಇದನ್ನ ಪಾರ್ಶ್ವನೋಟ ಅಂತಾರೆ. ಪೈಪಿನಲ್ಲಿ ಇದೆಲ್ಲ ಬರಲ್ಲ."

ಸೂಪರಿಂಟೆಂಡೆಂಟರು ಇಪ್ಪತ್ತು ವರ್ಷ ಗಡಿತಂಟೆಗಳ ಕಡತ ನೋಡಿದವರು. ಇಬ್ಬರನ್ನೂ ಪಾರ್ಶ್ವನೋಟಕ್ಕೆ ಸರಿಯಾಗಿ ನಿಲ್ಲಿಸಿ, ಅಳತೆ ಪಟ್ಟಿ ತರಿಸಿ, ತಲೆಗೂ ದೇಹಕ್ಕೂ ಇರುವ ಅನುಪಾತ ಬರೆದುಕೊಂಡರು. ನಾಣ್ಯದ ಆಕೃತಿಯಲ್ಲಿ ತಲೆ ಒಂದಾದರೆ ದೇಹ ಎಂಟು. ಪೈಪಣ್ಣನಿಗೆ ಐದೂವರೆ, ಮೇಷ್ಟ್ರಿಗೆ ಆರು. "ಇಬ್ಬರೂ ಪಾಸಾಗಲಿಲ್ಲ," ಎಂದು ಅವರು ತೀರ್ಪು ಕೊಟ್ಟರು. "ಆದ್ರೆ ಪೈಪಣ್ಣನ ಅರ್ಜಿ ಮೊದಲು ಬಂದದ್ದು. ಕಾನೂನು ಅಂದ್ರೆ ಕಾನೂನು." ಅರ್ಜಿ ಎಂಬುದು ಬಾಯಿಮಾತಿನಲ್ಲಿ ಬಂದದ್ದೆಂದು ಮೇಷ್ಟ್ರು ಆಕ್ಷೇಪಿಸಿದರೂ, ಆಕ್ಷೇಪವನ್ನು ದಾಖಲಿಸಿಕೊಂಡದ್ದಾಯಿತೆಂದು ಹೇಳಿ ಅವರನ್ನು ಸಾಗಹಾಕಲಾಯಿತು.

ವಿಷಯ ನಗರಸಭೆಯ ಅಧ್ಯಕ್ಷರ ಕಿವಿಗೆ ಬಿತ್ತು. ಬಿಡುಗಡೆ ಸಮಾರಂಭಕ್ಕೆ ಯಾರನ್ನು ಕರೆಯುವುದೆಂದು ತಲೆ ಕೆಡಿಸಿಕೊಂಡಿದ್ದ ಅಧ್ಯಕ್ಷರಿಗೆ ಇದು ಕೈಗೆ ಬಂದ ತುತ್ತಾಯಿತು. ಆಹ್ವಾನ ಪತ್ರಿಕೆ ಎರಡನೇ ಸಲ ಅಚ್ಚಾಯಿತು. "ಸೇತುವೆಗಾಗಿ ಒಂದು ಕಾಲು ತೆತ್ತ ಮಹನೀಯರ ಮೊಮ್ಮಗನಿಗೆ ಮೊದಲ ನಾಣ್ಯ ಪ್ರದಾನ."

ಪತ್ರಿಕೆ ಕಂಡು ಪೈಪಣ್ಣನಿಗೆ ಅನ್ನ ಸೇರದಾಯಿತು. ಸಮಾರಂಭದ ಹಿಂದಿನ ಸಂಜೆ ಅಧ್ಯಕ್ಷರ ಕೋಣೆಗೆ ಹೋಗಿ, "ಸಾರ್, ಆ ಕಾಲಿನ ವಿಷಯ," ಎಂದು ಶುರು ಮಾಡಿದ. ಅಧ್ಯಕ್ಷರು ಅವನ ಹೆಗಲ ಮೇಲೆ ಕೈಯಿಟ್ಟು, "ನನಗೆ ಅರ್ಥ ಆಗುತ್ತೆ. ನಿಮ್ಮ ನೋವು ನನ್ನ ನೋವು," ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಪೈಪಣ್ಣ ಮನೆಗೆ ಬಂದು ನಾಲ್ಕು ಪುಟದ ಭಾಷಣ ಬರೆದ. ಅದರಲ್ಲಿ ತಾತ ಕಾಲು ಕಳೆದುಕೊಂಡದ್ದು ಮೂರನೇ ಪುಟದಲ್ಲಿ ಬರುತ್ತಿತ್ತು.

ಸಮಾರಂಭದ ದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಹಿಂದೆ ಗೋಡೆಯಗಲದ ಪರದೆ. ವೇದಿಕೆಯ ಮೇಲೆ ಅಧ್ಯಕ್ಷರು, ಪೈಪಣ್ಣ, ಮತ್ತು ಟಂಕಸಾಲೆಯಿಂದ ಬಂದಿದ್ದ, ನಾಣ್ಯದ ಚಿತ್ರ ಬರೆದ ಕಲಾವಿದೆ. ನರೆತ ಕೂದಲಿನ, ಮಾತು ಕಡಿಮೆಯ ಹೆಂಗಸು. ಕೆಳಗೆ ಮೊದಲ ಸಾಲಿನಲ್ಲಿ ಪೈಪಣ್ಣನ ಹೆಂಡತಿ, ಮೇಷ್ಟ್ರು, ಕಚೇರಿಯವರು. ಕಾರ್ಯಕ್ರಮ ಶುರುವಾದ ಮೇಲೆ ಒಬ್ಬ ಮುದುಕಿ ಕೈಚೀಲ ಹಿಡಿದುಕೊಂಡು ಒಳಗೆ ಬಂದು, ಮೇಷ್ಟ್ರನ್ನು ಸ್ವಲ್ಪ ಆಚೆ ಸರಿಸಿ, ಪೈಪಣ್ಣನ ಹೆಂಡತಿಯ ಪಕ್ಕ ಕೂತಳು. ಪಕ್ಕದ ಊರಿನಲ್ಲಿದ್ದ ಪೈಪಣ್ಣನ ಸೋದರತ್ತೆ ಅವಳು. ಎಂಬತ್ತನಾಲ್ಕು ವರ್ಷ. ತಾತನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಅವಳನ್ನು ಕರೆಸಿದ್ದು ಹೆಂಡತಿ. ಈ ಸಂಗತಿ ಪೈಪಣ್ಣನಿಗೆ ಗೊತ್ತಾದದ್ದು ವೇದಿಕೆಯ ಮೇಲಿಂದ ಅವಳ ಮುಖ ನೋಡಿದಾಗ.

ಪರದೆಯ ಮೇಲೆ ನಾಣ್ಯ ಮೂಡಿತು. ಅಕ್ಕಿಕಾಳಿನಷ್ಟಿದ್ದ ತಾತ ಈಗ ಬಾಗಿಲಿನಷ್ಟು ಎತ್ತರ ನಿಂತಿದ್ದರು.

"ನೋಡಿ ಈ ನಿಲುವನ್ನ," ಎಂದರು ಅಧ್ಯಕ್ಷರು ಗದ್ಗದಿತರಾಗಿ. "ಒಂದು ಕಾಲು ಸೇತುವೆಗೆ ಕೊಟ್ಟು, ಉಳಿದ ಒಂದೇ ಕಾಲಲ್ಲಿ ನೂರು ವರ್ಷ ನಿಂತ ಜೀವ."

"ಯಾರಪ್ಪಾ ಅದು?" ಎಂದು ಮೊದಲ ಸಾಲಿನಿಂದ ಸೋದರತ್ತೆಯ ದನಿ ಬಂತು. ಅವಳಿಗೆ ಕಿವಿ ಮಂದ, ದನಿ ಮಂದವಿರಲಿಲ್ಲ.

"ನಿಮ್ಮಪ್ಪ ಅಂತೆ," ಎಂದು ಪೈಪಣ್ಣನ ಹೆಂಡತಿ ಅವಳ ಕಿವಿಯಲ್ಲಿ ಕೂಗಿದಳು.

ಸೋದರತ್ತೆ ಎದ್ದು ನಿಂತಳು. "ನಮ್ಮಪ್ಪನಿಗೆ ಎರಡು ಕಾಲಿತ್ತು. ಎರಡರಲ್ಲೂ ನಾನು ಒದೆ ತಿಂದಿದೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಮೇಷ್ಟ್ರು, "ನಾನು ಹೇಳಲಿಲ್ವಾ, ನಾನು ಹೇಳಲಿಲ್ವಾ," ಎಂದು ಎಡಕ್ಕೂ ಬಲಕ್ಕೂ ಹೇಳತೊಡಗಿದರು. ಅಧ್ಯಕ್ಷರು ಪೈಪಣ್ಣನ ಕೈಗೆ ಮೈಕು ಕೊಟ್ಟರು. "ಏನ್ರೀ ಇದು? ಹಾಗಾದ್ರೆ ಯಾರು ಅಲ್ಲಿ ನಿಂತಿರೋದು?"

ಪೈಪಣ್ಣ ಪರದೆ ನೋಡಿದ, ಸೋದರತ್ತೆಯನ್ನು ನೋಡಿದ, ನಾಲ್ಕು ಪುಟದ ಭಾಷಣ ನೋಡಿದ. "ಗೊತ್ತಿಲ್ಲ ಸಾರ್," ಎಂದ.

ನೀರಿನ ವಿಭಾಗದ ಸಿಬ್ಬಂದಿಗೆ ತಮ್ಮ ಕಿವಿಗಳನ್ನೇ ನಂಬಲಾಗಲಿಲ್ಲ. ಟೈಪಿಸ್ಟಮ್ಮನ ಕೈಯಿಂದ ಹೂಗುಚ್ಛ ಜಾರಿಬಿತ್ತು.

ಆಗ ಕಲಾವಿದೆ ತಮ್ಮ ಮುಂದಿದ್ದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಕ್ಷಮಿಸಿ. ನೀವೆಲ್ಲ ಯಾರ ವಿಷಯ ಮಾತಾಡ್ತಿದೀರ?"

"ಈ ಮಹನೀಯರು," ಎಂದು ಅಧ್ಯಕ್ಷರು ಪರದೆಯತ್ತ ಕೈ ತೋರಿದರು.

"ಅದು ದೀಪದ ಕಂಬ," ಎಂದರು ಕಲಾವಿದೆ. "ಬುಡದಲ್ಲಿ ಬೋಲ್ಟ್ ಕಾಣ್ತಿಲ್ವಾ? ನಾಲ್ಕಿದಾವೆ. ಸೇತುವೆ ಮೇಲೆ ಕಂಬ ಒಂದಾದರೂ ಇರಲೇಬೇಕು ಅಂತ ನಿಮ್ಮ ಕಚೇರಿಯಿಂದಾನೇ ಪತ್ರ ಬಂದಿತ್ತು."

ಸಭೆ ಒಟ್ಟಾಗಿ ಪರದೆ ನೋಡಿತು. ಬೋಲ್ಟುಗಳು ನಾಲ್ಕಿದ್ದವು. ಸಭಾಂಗಣದ ಕೊನೆಯಲ್ಲಿ, ಮೈಕಿನ ತಂತಿ ನೋಡಿಕೊಳ್ಳಲು ಬಂದಿದ್ದ ಬೀದಿದೀಪದ ಲೈನ್‌ಮನ್ ಎದ್ದು ನಿಂತ. "ಹೌದು ಸಾರ್. ಮೂರನೇ ನಂಬರ್ ಕಂಬ. ನಂದೇ."

ಅಧ್ಯಕ್ಷರ ಒಂದು ಕೈಯಲ್ಲಿ ನಾಣ್ಯವಿತ್ತು, ಇನ್ನೊಂದರಲ್ಲಿ ಕಾರ್ಯಕ್ರಮದ ಪಟ್ಟಿ. ಪಟ್ಟಿಯಲ್ಲಿ "ಸೇತುವೆಯ ಮೇಲೆ ನಿಂತವರ ಕಡೆಯವರಿಗೆ ನಾಣ್ಯ ಪ್ರದಾನ" ಎಂದಿತ್ತು. ಪಟ್ಟಿಯನ್ನು ಮೀರಿ ನಡೆಯುವ ಅಭ್ಯಾಸ ಅವರಿಗೆ ಇರಲಿಲ್ಲ. ಲೈನ್‌ಮನ್ನನ್ನು ವೇದಿಕೆಗೆ ಕರೆದರು. ಅವನು ಕೈಯಲ್ಲಿದ್ದ ಇಕ್ಕಳವನ್ನು ಜೇಬಿಗೆ ತುರುಕಿಕೊಂಡು ಬಂದು, ಚಪ್ಪಾಳೆಯ ನಡುವೆ ನಾಣ್ಯ ತೆಗೆದುಕೊಂಡು, ಫೋಟೋಗೆ ನಿಂತ. ಎರಡು ಮಾತಾಡಿ ಎಂದಾಗ, "ಕಂಬಕ್ಕೆ ಗಾಡಿ ಗುದ್ದಬೇಡಿ," ಎಂದಷ್ಟೇ ಹೇಳಿ ಇಳಿದುಹೋದ. ಅಂದಿನ ಭಾಷಣಗಳಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಅದೇ.

ಪೈಪಣ್ಣ ಮೆಲ್ಲಗೆ ವೇದಿಕೆಯ ಹಿಂದಿನಿಂದ ಜಾರುವವನಿದ್ದ. ಅಷ್ಟರಲ್ಲಿ ಸೋದರತ್ತೆ ಅವನ ಹೆಂಡತಿಯ ತೋಳು ಹಿಡಿದು ಮೆಟ್ಟಿಲು ಹತ್ತಿ ಮೇಲೇ ಬಂದುಬಿಟ್ಟಳು.

"ಲೋ, ನಿನಗೆ ಯಾರೋ ಹೇಳಿದ್ದು ನಮ್ಮಪ್ಪ ಸೇತುವೆ ಮೇಲೆ ನಿಂತಿದ್ದ ಅಂತ?"

"ಹೊಳೆ ಹತ್ರ ಕೆಲಸ ಮಾಡ್ತಿದ್ರು ಅಂತ ಅಪ್ಪ ಹೇಳ್ತಿದ್ರು ಅತ್ತೆ."

"ಹೊಳೆ ಹತ್ರ ಅಲ್ಲ. ಹೊಳೆ ಒಳಗೆ. ದೋಣಿ ನಡೆಸ್ತಿದ್ದ." ಮೈಕು ಹತ್ತಿರದಲ್ಲೇ ಇದ್ದದ್ದರಿಂದ ಅವಳ ಮಾತು ಇಡೀ ಪುರಭವನಕ್ಕೆ ಕೇಳಿಸಿತು. "ಈ ಸೇತುವೆ ಆಯ್ತಲ್ಲ, ದೋಣಿ ಹತ್ತೋರು ಯಾರೂ ಇಲ್ಲವಾಯ್ತು. ಆವತ್ತಿಂದ ಸಾಯೋವರೆಗೂ ನಮ್ಮಪ್ಪ ಸೇತುವೆ ಮೇಲೆ ಕಾಲಿಡಲಿಲ್ಲ. ಆಚೆ ದಡದ ಡಾಕ್ಟರ ಹತ್ರ ಹೋಗಬೇಕಾದ್ರೂ ಮೈಯಲ್ಲಿ ಜ್ವರ ಇಟ್ಕೊಂಡು ದೋಣೀಲೇ ಹೋದ. ಕಮಾನಿನ ಕೆಳಗೆ ಹಾದುಹೋಗೋವಾಗ ದಿನಾ ತಲೆ ಎತ್ತಿ ಅದಕ್ಕೊಂದು ಬೈಗಳ ಬೈತಿದ್ದ. ದಿನಕ್ಕೊಂದು, ಹೊಸದು. ನಿಮ್ಮಪ್ಪನಿಗೆ ಅದೇ ನಾಚಿಕೆ. ಸೇತುವೆ ಆಫೀಸಲ್ಲೇ ಕೆಲಸ ಸಿಕ್ಕಿತ್ತಲ್ಲ ಅವನಿಗೆ."

ಸೇತುವೆಯ ನೂರು ವರ್ಷದ ಸಂಭ್ರಮದಲ್ಲಿ ಸೇತುವೆಯ ಬದ್ಧ ವೈರಿಯ ಮನೆಯವರಿಗೆ ಮುಂದಿನ ಸಾಲು ಕೊಟ್ಟಾಗಿತ್ತು. ಇದಕ್ಕೆ ಪಟ್ಟಿಯಲ್ಲಿ ಏನೂ ಸೂಚನೆ ಇರಲಿಲ್ಲವಾಗಿ ಅಧ್ಯಕ್ಷರು ನೀರು ಕುಡಿದರು.

ಕಲಾವಿದೆ ಮಾತ್ರ ಕುರ್ಚಿಯಿಂದ ಎದ್ದಿದ್ದರು. "ದೋಣಿ ಅಂದ್ರಾ? ಎರಡನೇ ಕಮಾನಿನ ಕೆಳಗೆ?"

"ಅಲ್ಲೇ ಕಟ್ಟಿರ್ತಿದ್ದ."

"ಅಮ್ಮಾ, ನಾನು ಆ ದೋಣಿ ಬರೆದಿದ್ದೆ." ಅವರು ತಮ್ಮ ಚೀಲದಿಂದ ಒಂದು ಕಡತ ತೆಗೆದರು. "ಸೇತುವೆ ತೆರೆದ ದಿನದ ಹಳೇ ಫೋಟೋದಲ್ಲಿ ಒಂದು ದೋಣಿ ಇದೆ, ಒಬ್ಬ ಮನುಷ್ಯ ಇದಾನೆ. ನೋಡಿ, ಮೊದಲ ಚಿತ್ರ ಇದು. ಆದ್ರೆ ಸಮಿತಿಯವರು ತೆಗೆಸಿಬಿಟ್ಟರು. ನೀರಿಗೆ ಕನ್ನಡಿ ಮೆರುಗು ಬರಬೇಕು ಅಂದ್ರೆ ಅದರ ಮೇಲೆ ಏನೂ ಇರಬಾರದು, ಖಾಲಿಯಾಗಿ ಹೊಳೀಬೇಕು ಅಂತ. ಅಚ್ಚಿನಿಂದ ದೋಣೀನ ಸವೆಸಿ, ಆ ಜಾಗಕ್ಕೆ ಮೂರು ದಿನ ಹೊಳಪು ಕೊಟ್ಟೆವು."

ಪೈಪಣ್ಣ ಪರದೆಯತ್ತ ತಿರುಗಿದ. ಎರಡನೇ ಕಮಾನಿನ ಕೆಳಗೆ, ಇಡೀ ನಾಣ್ಯದಲ್ಲೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ಜಾಗದಲ್ಲಿ, ಏನೂ ಇರಲಿಲ್ಲ. ಸಭೆಯ ಅಷ್ಟೂ ಜನ ಆ ಏನೂ ಇಲ್ಲದ ಜಾಗವನ್ನು ಕತ್ತು ಉದ್ದ ಮಾಡಿ ನೋಡಿದರು. ಸೂಪರಿಂಟೆಂಡೆಂಟರು ಅಂದು ಕನ್ನಡಕ ತಂದಿದ್ದರು. ಅದನ್ನು ಒರೆಸಿ ಹಾಕಿಕೊಂಡು ನೋಡಿದರು.

"ಹಾಗಾದ್ರೆ ದೋಣಿಯಲ್ಲಿ ಹಿಂದುಗಡೆ ಕೂತಿದ್ದೋರು ನಮ್ಮ ತಾತ," ಎಂದರು ಡ್ರಾಯಿಂಗ್ ಮೇಷ್ಟ್ರು. ಅವರನ್ನು ಯಾರೂ ವಿರೋಧಿಸಲಿಲ್ಲ. ಇಲ್ಲದ ದೋಣಿಯಲ್ಲಿ ಎಷ್ಟು ಜನಕ್ಕಾದರೂ ಜಾಗವಿತ್ತು.

ಸಮಾರಂಭ ಮುಗಿಯಿತೆಂದು ಯಾರೂ ಹೇಳಲಿಲ್ಲ. ಜನ ತಾವಾಗಿಯೇ ಎದ್ದು ವೇದಿಕೆಯ ಸುತ್ತ ಸೇರಿದರು. ಸೋದರತ್ತೆ ಕಲಾವಿದೆಯ ಪೆನ್ಸಿಲ್ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರವನ್ನು ವಾಪಸು ಕೊಟ್ಟಳು.

"ಚೆನ್ನಾಗಿದೆ. ಆದ್ರೆ ತಪ್ಪು ಬರೆದಿದೀಯ ತಾಯಿ. ನಮ್ಮಪ್ಪ ಕೂತ್ಕೊಂಡು ದೋಣಿ ನಡೆಸ್ತಿರಲಿಲ್ಲ. ನಿಂತ್ಕೊಂಡು, ಗಳ ಊರಿ ನಡೆಸ್ತಿದ್ದ."

"ಫೋಟೋ ಮಸುಕಾಗಿತ್ತಮ್ಮ. ಹೇಗೆ ನಿಲ್ತಿದ್ರು? ಹೇಳಿದ್ರೆ ತಿದ್ದಿಕೊಡ್ತೀನಿ."

ಸೋದರತ್ತೆ ಸುತ್ತ ನೋಡಿದಳು. ಪರದೆಯ ಪಕ್ಕ ಬಾವುಟ ಕಟ್ಟಿದ್ದ ಉದ್ದನೆಯ ಬಿದಿರ ಕೋಲಿತ್ತು. ಅದನ್ನು ಬಿಡಿಸಿ ತರಿಸಿ ಪೈಪಣ್ಣನ ಕೈಗೆ ಕೊಟ್ಟಳು. "ನಿಂತ್ಕೋ."

ಪೈಪಣ್ಣ ನಿಂತ.

"ಹಾಗಲ್ಲ. ದೂರು ಬರೆಸಿಕೊಳ್ಳೋನ ಥರ ನಿಲ್ಲಬೇಡ. ಬಲಗಾಲು ಮುಂದೆ. ಸೊಂಟ ಬಗ್ಗಿಸು. ಗಳ ಓರೆಯಾಗಿರಲಿ. ಹೊಟ್ಟೆ ಒಳಗೆ ಎಳ್ಕೋ, ನಮ್ಮಪ್ಪನಿಗೆ ಹೊಟ್ಟೆ ಇರಲಿಲ್ಲ."

"ಎಳ್ಕೊಂಡಿದೀನಿ ಅತ್ತೆ."

"ಇನ್ನೂ."

"ಇದೇ ಕೊನೆ ಅತ್ತೆ."

ಮೇಷ್ಟ್ರು ಬಂದು ಅವನ ಮೊಣಕೈಯನ್ನು ಒಂದು ಅಂಗುಲ ಮೇಲೆತ್ತಿ ಸರಿಪಡಿಸಿ, ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿ, ಮೊದಲ ಬಾರಿಗೆ ಏನೂ ತಪ್ಪು ಹೇಳದೆ ಸುಮ್ಮನಿದ್ದರು. ಹೆಂಡತಿ ಗಂಡನ ಹಣೆಯ ಬೆವರು ಒರೆಸಿ ಹಿಂದೆ ಸರಿದಳು. ಕಲಾವಿದೆ ಹಳೆಯ ಗೆರೆಗಳನ್ನು ರಬ್ಬರಿನಿಂದ ಅಳಿಸಿ ಹೊಸದಾಗಿ ಬರೆಯತೊಡಗಿದರು. ಕಾಗದದ ಮೇಲೆ ಒಬ್ಬ ಮನುಷ್ಯ ನಿಧಾನವಾಗಿ ಎದ್ದು ನಿಂತ. ಸೋದರತ್ತೆ ಕಲಾವಿದೆಯ ಹೆಗಲ ಮೇಲಿಂದ ನೋಡುತ್ತ, "ಹಾ, ಹಾಗೇ. ಈಗ ಬೈತಿದಾನೆ ನೋಡು," ಎಂದು ನಗತೊಡಗಿದಳು.

ಕಾಲು ಗಂಟೆಯಾಯಿತು. ಪೈಪಣ್ಣನ ಹೊಟ್ಟೆ ತನ್ನ ಜಾಗಕ್ಕೆ ಮರಳಲು ಅಪ್ಪಣೆ ಬೇಡುತ್ತಿತ್ತು. ಆದರೂ ಅವನು ಅಲುಗಾಡಲಿಲ್ಲ.

ಅಧ್ಯಕ್ಷರು ಕಲಾವಿದೆಯ ಬಳಿ ಬಗ್ಗಿ ಮೆಲ್ಲಗೆ ಕೇಳಿದರು. "ಇದನ್ನ ನಾಣ್ಯದ ಮೇಲೆ ಹಾಕೋಕೆ ಆಗುತ್ತಾ?"

"ಈಗ ಆಗಲ್ಲ ಸಾರ್. ಅಚ್ಚು ಮುಗಿದುಹೋಯ್ತು. ಇನ್ನು ಸೇತುವೆಗೆ ನೂರೈವತ್ತು ವರ್ಷ ಆದಾಗ ನೋಡಬೇಕು."

"ಏನಂತೆ?" ಎಂದಳು ಸೋದರತ್ತೆ.

"ಇನ್ನೂ ಐವತ್ತು ವರ್ಷ ಕಾಯಬೇಕಂತೆ," ಎಂದು ಪೈಪಣ್ಣನ ಹೆಂಡತಿ ಅವಳ ಕಿವಿಯಲ್ಲಿ ಕೂಗಿದಳು.

ಸೋದರತ್ತೆ ಅಣ್ಣನ ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಪರವಾಗಿಲ್ಲ ಬಿಡು," ಎಂದಳು. "ನಿಂತಿರ್ತಾನೆ."